ಮಳೆಗಾಲಕ್ಕೆ ಮೊದಲು ಮನೆಯಂಗಳದ ಸೊಳ್ಳೆ: ಹೊಗೆ ಹಾಕಿಸುವುದೋ, ನೀರು ಹುಡುಕುವುದೋ?

ಬಿಜೈ ಓಣಿ:

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಓಣಿಯಲ್ಲಿ ಹದಿನಾಲ್ಕು ಮನೆಗಳಿವೆ. ಅವುಗಳಲ್ಲಿ ಎರಡರ ಯಜಮಾನರು ಗಲ್ಫಿನಲ್ಲಿರುವುದರಿಂದ ಆ ಮನೆಗಳಿಗೆ ವರ್ಷವಿಡೀ ಬೀಗ. ಓಣಿಯ ಕೊನೆಯಲ್ಲಿ ಒಂದು ಫ್ಲ್ಯಾಟ್ ಕಟ್ಟಡದ ಕೆಲಸ ನಡೆಯುತ್ತಿದೆ. ಮೇ ಕೊನೆಯ ಪತ್ತನಾಜೆ ಎಂಬ ತುಳು ಪರ್ವ ಕಳೆದು ಮಳೆ ಹಿಡಿಯುವುದರೊಳಗೆ ಸೊಳ್ಳೆಗೆ ಏನಾದರೂ ವ್ಯವಸ್ಥೆ ಮಾಡಬೇಕೆಂದು ಎಲ್ಲರೂ ಸೇರಿ ಮಾತನಾಡಿದಾಗ, ಮನೆಗೆ ಇಷ್ಟೆಂದು ಹಣ ಹಾಕಿ ಖಾಸಗಿಯವರಿಂದ ಹದಿನೈದು ದಿನಕ್ಕೊಮ್ಮೆ ಫಾಗಿಂಗ್ ಮಾಡಿಸೋಣವೆಂಬ ಅಭಿಪ್ರಾಯವೇ ಹೆಚ್ಚು ಬಂತು. ನನಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ, ಆದರೆ ಬೇರೇನು ಮಾಡಬೇಕೆಂದು ಹೇಳಲೂ ತಿಳಿಯಲಿಲ್ಲ.

ನಮ್ಮದು ಹಂಚಿನ ಹಳೆಯ ಮನೆ. ಹಿತ್ತಿಲಿನಲ್ಲಿ ಐದಾರು ತೆಂಗು, ಒಂದು ಹಲಸು, ಮತ್ತು ನಳ್ಳಿಯಲ್ಲಿ ತುಂಬೆ ಅಣೆಕಟ್ಟಿನ ನೀರು ಬಂದ ಮೇಲೆ ಸೇದುವುದನ್ನೇ ಬಿಟ್ಟ ಒಂದು ಬಾವಿ ಇವೆ. ಬೆಳಿಗ್ಗೆ ತುಳಸಿಕಟ್ಟೆಗೆ ನೀರು ಹಾಕುವಾಗ ಕಾಲಿನ ಗಂಟಿಗೆ ಕಚ್ಚುತ್ತವೆ, ದೀಪ ಹಚ್ಚುವ ಹೊತ್ತಿಗೆ ಚಾವಡಿಯಲ್ಲಿ ಕುಳಿತುಕೊಳ್ಳಲಾಗುವುದಿಲ್ಲ, ರಾತ್ರಿ ಮಲಗಿದರೆ ಕಿವಿಯ ಬಳಿ ಸಂಗೀತ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ. ತಿಳಿದವರು ಹೇಳಬೇಕು.

ನಿವೃತ್ತ ಕೀಟ ಸಂಗ್ರಾಹಕ:

ಆರೋಗ್ಯ ಇಲಾಖೆಯಲ್ಲಿ ಕೀಟ ಸಂಗ್ರಾಹಕನೆಂಬ ಹುದ್ದೆಯೊಂದಿದೆ, ಕೇಳಿದವರು ಕಡಿಮೆ. ಮನೆಮನೆಗೆ ಹೋಗಿ ಟಾರ್ಚು ಹಿಡಿದು ಸೊಳ್ಳೆ ಹಿಡಿಯುವುದು, ತೊಟ್ಟಿಗಳಲ್ಲಿ ಸೊಳ್ಳೆಯ ಮರಿಹುಳು ಹುಡುಕುವುದು ಆ ಕೆಲಸ. ಅದನ್ನು ಮಾಡಿ ನಿವೃತ್ತನಾದವನು ನಾನು, ಆದ್ದರಿಂದ ಉತ್ತರ ಸ್ವಲ್ಪ ಉದ್ದವಾದರೆ ಕ್ಷಮಿಸಬೇಕು.

ತಾವು ಬರೆದ ಮೂರು ಹೊತ್ತುಗಳಲ್ಲಿಯೇ ಅರ್ಧ ಉತ್ತರವಿದೆ. ಬೆಳಿಗ್ಗೆ ತುಳಸಿಕಟ್ಟೆಯ ಬಳಿ ಕಾಲಿಗೆ ಕಚ್ಚುವುದು ಬಹುತೇಕ ಈಡಿಸ್, ಅಂದರೆ ಮೈಮೇಲೆ ಬಿಳಿ ಪಟ್ಟೆಗಳಿರುವ, ಡೆಂಗಿ ಮತ್ತು ಚಿಕೂನ್‌ಗುನ್ಯಾ ಹರಡುವ ಹಗಲಿನ ಸೊಳ್ಳೆ. ಮಬ್ಬುಗತ್ತಲೆಯಲ್ಲಿ ಚಾವಡಿಗೆ ಬಂದು ಕಚ್ಚುವ ದೊಡ್ಡ ಗಾತ್ರದ ಕಪ್ಪು ಸೊಳ್ಳೆ ಹೆಚ್ಚಾಗಿ ಆರ್ಮಿಜೆರಿಸ್ ಆಗಿರುತ್ತದೆ. ಅದು ಶೌಚದ ಗುಂಡಿಯಿಂದ ಬರುತ್ತದೆ, ಕಾಟ ಹೆಚ್ಚು, ರೋಗದ ಭಯ ಕಡಿಮೆ. ರಾತ್ರಿ ಕಿವಿಯ ಬಳಿ ಹಾಡುವುದು ಸಾಮಾನ್ಯವಾಗಿ ಚರಂಡಿಯ ಕ್ಯೂಲೆಕ್ಸ್, ಆನೆಕಾಲು ರೋಗವನ್ನು ಹರಡುವ ಜಾತಿ. ಇವುಗಳ ನಡುವೆ, ಸದ್ದು ಮಾಡದೆ ರಾತ್ರಿಯಲ್ಲಿ ಕಚ್ಚಿ ಹೋಗುವ ಅನಾಫಿಲಿಸ್ ಇದೆ. ಅದರಲ್ಲಿಯೂ ಸ್ಟೀಫೆನ್ಸಿ ಎಂಬ ಜಾತಿಯೇ 1990ರ ದಶಕದಿಂದ ಮಂಗಳೂರಿಗೆ ಮಲೇರಿಯಾದ ಊರೆಂಬ ಹೆಸರು ತಂದದ್ದು. ಗೋಡೆಯ ಮೇಲೆ ಹಿಂಬದಿಯನ್ನು ಎತ್ತಿ ಓರೆಯಾಗಿ ಕುಳಿತ ಸೊಳ್ಳೆ ಕಂಡರೆ ಅದು ಅನಾಫಿಲಿಸ್. ಉಳಿದವು ಗೋಡೆಗೆ ಸಮನಾಗಿ, ಬೆನ್ನು ಗೂನಾಗಿಸಿ ಕುಳಿತುಕೊಳ್ಳುತ್ತವೆ.

ಈ ವಿಂಗಡಣೆ ಯಾಕೆ ಬೇಕೆಂದರೆ, ಇವು ಮೊಟ್ಟೆಯಿಡುವ ನೀರು ಬೇರೆಬೇರೆ. ಸೊಳ್ಳೆ ಎಂದೊಡನೆ ನಮ್ಮ ಕಣ್ಣು ಚರಂಡಿಯ ಕಡೆಗೆ ಹೋಗುತ್ತದೆ, ಆದರೆ ಡೆಂಗಿ ಮತ್ತು ಮಲೇರಿಯಾ ಎರಡರ ಸೊಳ್ಳೆಗಳೂ ನಮ್ಮ ಊರಿನಲ್ಲಿ ಹುಟ್ಟುವುದು ನಾವು ಶುದ್ಧವೆಂದು ಭಾವಿಸಿದ ನೀರಿನಲ್ಲಿ. ಸ್ಟೀಫೆನ್ಸಿಗೆ ಬಾವಿ, ತಾರಸಿಯ ಟ್ಯಾಂಕು, ಸಂಪು, ಕಟ್ಟಡಕ್ಕೆ ಹಾಯಿಸಿದ ನೀರು ಇಷ್ಟ. ಈಡಿಸ್‌ಗೆ ಡ್ರಮ್ಮು, ಹೂಕುಂಡದ ತಟ್ಟೆ, ಟಯರು, ಗೆರಟೆ, ಕುಡಿದು ಬಿಸಾಡಿದ ಬೊಂಡ, ಫ್ರಿಜ್ಜಿನ ಹಿಂಬದಿಯ ತಟ್ಟೆ, ಮನಿಪ್ಲಾಂಟಿನ ಬಾಟಲಿ, ಸೌದೆಗೆ ಹೊದಿಸಿದ ಟರ್ಪಾಲಿನ ಗುಳಿ, ಎಲೆ ತುಂಬಿ ಕಟ್ಟಿದ ದಂಬೆ (ಮಾಡಿನ ನೀರು ಹರಿಯುವ ಕಾಲುವೆ) ಎಲ್ಲವೂ ಸಾಕು. ಒಂದು ಬೊಗಸೆ ನೀರು ವಾರದ ಮೇಲೆ ಉಳಿದರೆ ಅದರ ಸಂಸಾರ ನಡೆಯುತ್ತದೆ.

ಇನ್ನು ಫಾಗಿಂಗ್. ಆ ಹೊಗೆಯ ಕಣ ಹಾರುತ್ತಿರುವ ಸೊಳ್ಳೆಗೆ ತಗುಲಿದರೆ ಮಾತ್ರ ಅದು ಸಾಯುತ್ತದೆ. ನೀರಿನಲ್ಲಿರುವ ಮೊಟ್ಟೆಗೆ, ಹುಳುವಿಗೆ, ಹುಳು ಸೊಳ್ಳೆಯಾಗುವ ಮೊದಲಿನ ಹಂತವಾದ ಕೋಶಕ್ಕೆ ಏನೂ ಆಗುವುದಿಲ್ಲ. ಈಡಿಸ್ ಮನೆಯೊಳಗೆ ಮಂಚದಡಿ, ಬಟ್ಟೆಯ ಹಿಂದೆ, ಕಪಾಟಿನ ಮೂಲೆಯಲ್ಲಿ ಕುಳಿತಿರುತ್ತದೆ. ರಸ್ತೆಯಲ್ಲಿ ಯಂತ್ರದ ಸದ್ದು ಕೇಳಿದೊಡನೆ ನಾವು ಕಿಟಕಿ ಮುಚ್ಚಿ ಅದನ್ನು ಕಾಪಾಡುತ್ತೇವೆ. ಡೆಂಗಿ ಬಂದ ಮನೆಯ ಸುತ್ತ ಸೋಂಕಿರುವ ಸೊಳ್ಳೆಗಳನ್ನು ತಕ್ಷಣ ಕೊಲ್ಲಬೇಕಾದಾಗ ಹೊಗೆಗೆ ಅರ್ಥವಿದೆ, ಅದನ್ನು ಇಲಾಖೆಯವರೇ ಮಾಡುತ್ತಾರೆ. ಆದರೆ ಹದಿನೈದು ದಿನಕ್ಕೊಮ್ಮೆ ಹಣ ಕೊಟ್ಟು ಹಾಕಿಸುವ ಹೊಗೆ, ನಳ್ಳಿಯನ್ನು ತೆರೆದಿಟ್ಟು ನೆಲ ಒರೆಸಿದ ಹಾಗೆ. ಬಿಸಿಲಿನ ದಿನಗಳಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕಾಗುವುದರಿಂದ, ನಿಮ್ಮ ಎರಡು ಫಾಗಿಂಗ್‌ಗಳ ನಡುವೆ ಒಂದು ಹೊಸ ತಲೆಮಾರು ಹಾರಿ ಹೋಗಿರುತ್ತದೆ. ಆದ್ದರಿಂದಲೇ ನಾವು ವಾರಕ್ಕೊಮ್ಮೆ ನೀರು ಚೆಲ್ಲಿ ಎನ್ನುತ್ತಿದ್ದುದು, ತಿಂಗಳಿಗೊಮ್ಮೆ ಎಂದಲ್ಲ.

ಬಾವಿಯನ್ನು ಮೊದಲು ನೋಡಿ. ಕೊಡವನ್ನು ಸದ್ದಿಲ್ಲದೆ ಅಂಚಿನ ಕಡೆಗೆ ಇಳಿಸಿ, ತುಂಬಿದ ನೀರನ್ನು ಬಿಳಿಯ ತಟ್ಟೆಗೆ ಸುರಿದು, ಎರಡು ನಿಮಿಷ ಕಾಯಬೇಕು. ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿದಂತಿರುವ ಹುಳು ಅನಾಫಿಲಿಸಿನದು. ತಲೆಕೆಳಗಾಗಿ ನೇತಾಡುವುದು ಈಡಿಸ್ ಅಥವಾ ಕ್ಯೂಲೆಕ್ಸ್.

ಕುಂಜಿಬೆಟ್ಟು ಮನೆ:

ಸರ್, ಬಹಳ ಉಪಯೋಗವಾಯಿತು. ಉಡುಪಿಯಲ್ಲಿ ನಮ್ಮ ತೊಂದರೆ ಮಳೆಗಾಲಕ್ಕೂ ಮೊದಲೇ ಆರಂಭವಾಗುತ್ತದೆ. ಏಪ್ರಿಲ್ ಮುಗಿಯುವಾಗ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ಇಳಿದು, ನಳ್ಳಿ ನೀರು ದಿನ ಬಿಟ್ಟು ದಿನ ಬರತೊಡಗಿದರೆ, ಪ್ರತಿ ಮನೆಯ ಹಿಂಬದಿಯಲ್ಲಿ ಡ್ರಮ್ಮುಗಳು ಸಾಲಾಗಿ ನಿಲ್ಲುತ್ತವೆ. ಮಳೆ ಬಂದ ಮೇಲೆ ಆ ಡ್ರಮ್ಮುಗಳ ಕಡೆಗೆ ಯಾರೂ ನೋಡುವುದಿಲ್ಲ. ಡ್ರಮ್ಮಿನ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಎಂದು ಆಶಾ ಕಾರ್ಯಕರ್ತೆಯರು ಹೇಳುತ್ತಾರೆ, ಆದರೆ ನೀರೇ ಇಲ್ಲದ ಹೊತ್ತಿನಲ್ಲಿ ಇನ್ನೂರು ಲೀಟರನ್ನು ಹೇಗೆ ಚೆಲ್ಲುವುದು?

ನಾವು ಕಂಡುಕೊಂಡ ಉಪಾಯವೆಂದರೆ, ಡ್ರಮ್ಮಿನ ಬಾಯಿಗೆ ಹಳೆಯ ಹತ್ತಿ ಸೀರೆಯನ್ನು ಎರಡು ಮಡಿಕೆ ಮಾಡಿ, ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟುವುದು. ಬರಿಯ ಮುಚ್ಚಳವಿಟ್ಟರೆ ಅಂಚಿನಲ್ಲಿ ಸಂದು ಉಳಿಯುತ್ತದೆ, ಸೊಳ್ಳೆಗೆ ಅಷ್ಟೇ ಸಾಕು. ಎರಡು ಡ್ರಮ್ಮುಗಳಿದ್ದರೆ ಒಂದನ್ನು ಪೂರ್ತಿ ಖಾಲಿ ಮಾಡಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು, ಖಾಲಿಯಾದದ್ದನ್ನು ಉಜ್ಜಿ ಮಗುಚಿಡಬೇಕು. ಹೀಗೆ ಮಾಡಿದರೆ ಚೆಲ್ಲುವ ಪ್ರಶ್ನೆಯೇ ಬರುವುದಿಲ್ಲ.

ನನ್ನ ಪ್ರಶ್ನೆ ಬಾವಿಯದು. ನಾವು ಕುಡಿಯುವುದು ಬಾವಿಯ ನೀರನ್ನೇ. ಅದಕ್ಕೆ ಸೊಳ್ಳೆಯ ಹುಳು ತಿನ್ನುವ ಗಪ್ಪಿ ಮೀನು ಬಿಡಬಹುದೆ? ಮಡಿ ಮೈಲಿಗೆಯ ಪ್ರಶ್ನೆಯನ್ನು ಅತ್ತೆಯವರು ಎತ್ತಿದ್ದಾರೆ, ಅದನ್ನು ನಾವು ಮನೆಯೊಳಗೆ ಬಗೆಹರಿಸಿಕೊಳ್ಳುತ್ತೇವೆ. ಆರೋಗ್ಯದ ದೃಷ್ಟಿಯಿಂದ ಹೇಳಿ.

ನಿವೃತ್ತ ಕೀಟ ಸಂಗ್ರಾಹಕ:

ಅಕ್ಕ, ಉಜ್ಜುವುದನ್ನು ಬರೆದಿರಲ್ಲ, ಅದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಈಡಿಸ್ ಮೊಟ್ಟೆಯನ್ನು ನೀರಿಗೆ ಇಡುವುದಿಲ್ಲ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಪಾತ್ರೆಯ ಗೋಡೆಗೆ ಅಂಟಿಸುತ್ತದೆ. ಒಣಗಿದರೂ ಅವು ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ನೀರು ತಾಗಿದಾಗ ಒಡೆಯುತ್ತವೆ. ಬೇಸಗೆಯಲ್ಲಿ ಬರಿದಾಗಿ ಬಿದ್ದಿದ್ದ ಡ್ರಮ್ಮು ಜೂನ್ ತಿಂಗಳ ಮೊದಲ ಮಳೆಗೆ ಸೊಳ್ಳೆ ಕೊಡುವುದು ಹೀಗೆ. ನೀರು ಚೆಲ್ಲಿದರೆ ಸಾಲದು. ತೆಂಗಿನ ನಾರಿನಿಂದ ಒಳಗೋಡೆಯನ್ನು ಗಟ್ಟಿಯಾಗಿ ಉಜ್ಜಬೇಕು.

ಕುಡಿಯುವ ಬಾವಿಗೆ ಗಪ್ಪಿ ಬಿಡುವುದರಿಂದ ಆರೋಗ್ಯಕ್ಕೆ ತೊಂದರೆಯಿಲ್ಲ. ಆದರೆ ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವ ಪದ್ಧತಿ ನಿಮ್ಮಲ್ಲಿದ್ದರೆ ಮೀನು ಸಾಯುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಕುಡಿಯುವ ನೀರನ್ನು ಹೇಗಿದ್ದರೂ ಕುದಿಸುತ್ತೀರಿ. ಗಂಬೂಸಿಯಾ ಎಂಬ ಇನ್ನೊಂದು ಮೀನನ್ನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದರು, ಅದರ ಮೂಲ ಅಮೆರಿಕ. ಅದು ಸೊಳ್ಳೆಯ ಹುಳುವನ್ನು ತಿನ್ನುವುದು ನಿಜ, ಆದರೆ ಕಪ್ಪೆಯ ಮೊಟ್ಟೆ, ಗೊದಮೊಟ್ಟೆ, ಊರಿನ ಮೀನುಗಳ ಮರಿ ಏನನ್ನೂ ಬಿಡುವುದಿಲ್ಲ. ಗಂಬೂಸಿಯಾವನ್ನೂ ಗಪ್ಪಿಯನ್ನೂ ತೋಡಿಗೆ, ಕೆರೆಗೆ, ಗದ್ದೆಗೆ ಎಂದೂ ಬಿಡಬಾರದು ಎಂಬುದು ನನ್ನ ಖಂಡಿತವಾದ ಅಭಿಪ್ರಾಯ. ನಮ್ಮ ತೋಡುಗಳಲ್ಲಿ ನೀರಿನ ಮೇಲ್ಮೈಯಲ್ಲಿಯೇ ಓಡಾಡುವ, ನೆತ್ತಿಯಲ್ಲಿ ಬಿಳಿಯ ಚುಕ್ಕೆ ಮಿನುಗುವ ಸಣ್ಣ ಮೀನೊಂದಿದೆ. ಅದು ಈ ಕೆಲಸವನ್ನು ಯಾರೂ ಹೇಳದೆಯೇ ಮಾಡುತ್ತಿದೆ, ಬೈರಾಸಿನಲ್ಲಿ (ಟವೆಲಿನಲ್ಲಿ) ಹಿಡಿದು ಬಾವಿಗೆ ಬಿಟ್ಟರೂ ನಡೆಯುತ್ತದೆ.

ಬಾವಿಗೆ ಬಲೆ ಇದೆಯಲ್ಲ ಎಂದು ಹಲವರು ಹೇಳುತ್ತಾರೆ. ಸೋಗೆ, ಎಲೆ ಬೀಳದಂತೆ ಹಾಕಿದ ಆ ಬಲೆಯ ಕಣ್ಣಿನಲ್ಲಿ ಸೊಳ್ಳೆ ಆರಾಮವಾಗಿ ಇಳಿಯುತ್ತದೆ. ಕಬ್ಬಿಣದ ಚೌಕಟ್ಟಿಗೆ ಕಿಟಕಿಗೆ ಹಾಕುವಂಥ ಸಣ್ಣ ಕಣ್ಣಿನ ನೈಲಾನ್ ಜಾಲರಿ ಬಿಗಿದು, ಕಟ್ಟೆಯ ಸುತ್ತಲೂ ಸಂದು ಉಳಿಯದಂತೆ ಕೂರಿಸಬೇಕು.

ಹೆಬ್ರಿ ಬದಿಯ ತೋಟ:

ಪೇಟೆಯವರ ಮಾತು ಮುಗಿದಿದ್ದರೆ ತೋಟದವರದ್ದೂ ಸ್ವಲ್ಪ ಕೇಳಿ. ಅಂಗಳದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ ಎಂದು ಕರಪತ್ರದಲ್ಲಿ ಬರೆಯುವುದು ಸುಲಭ. ನಮ್ಮ ಅಂಗಳ ದಾಟಿದರೆ ಅಡಕೆ ತೋಟ, ಅದರಾಚೆ ರಬ್ಬರು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಬಿದ್ದ ಪ್ರತಿಯೊಂದು ಅಡಕೆ ಹಾಳೆಯೂ ಒಂದು ತೊಟ್ಟಿ. ಅದರಲ್ಲಿ ಮೊಟ್ಟೆಯಿಡುವುದು ಈಡಿಸ್ ಆಲ್ಬೊಪಿಕ್ಟಸ್ ಎಂಬ, ಬೆನ್ನಿನ ಮೇಲೆ ಒಂದೇ ಬಿಳಿ ಗೆರೆಯಿರುವ ತೋಟದ ಸೊಳ್ಳೆ. ಡೆಂಗಿ ಪೇಟೆಯ ರೋಗವಾಗಿ ಉಳಿಯದೆ ಘಟ್ಟದ ಬುಡದ ಹಳ್ಳಿಗಳಿಗೂ ಬಂದಿರುವುದಕ್ಕೆ ಈ ತೋಟದ ನೀರೂ ಒಂದು ಕಾರಣ.

ನಾವು ನಡೆಸಿಕೊಂಡು ಬಂದ ಕ್ರಮವನ್ನು ಹೇಳುತ್ತೇನೆ. ಹಾಳೆಯನ್ನು ಬಿದ್ದಲ್ಲಿಯೇ ಬಿಡುವುದಿಲ್ಲ. ಕೆಲಸದವರು ಅಡಕೆ ಹೆಕ್ಕಲು ಹೋಗುವಾಗ ಹಾಳೆಯನ್ನೂ ಎತ್ತಿ ತಂದು ಕೊಟ್ಟಿಗೆಯ ಮಾಡಿನಡಿ ನಿಲ್ಲಿಸುತ್ತಾರೆ. ಚೆನ್ನಾಗಿರುವುದನ್ನು ಹಾಳೆ ತಟ್ಟೆ ಮಾಡುವವರು ಕೊಂಡೊಯ್ಯುತ್ತಾರೆ, ಉಳಿದದ್ದು ಬಚ್ಚಲ ಒಲೆಗೆ. ಎಲ್ಲವನ್ನೂ ತರಲಾಗದ ದೂರದ ತುಂಡಿನಲ್ಲಿ ಕತ್ತಿಯಿಂದ ಹಾಳೆಯ ನಡುವೆ ಸೀಳಿ ಕವುಚಿ ಹಾಕಿದರೂ ನೀರು ನಿಲ್ಲುವುದಿಲ್ಲ. ಕೊಕ್ಕೋ ಇರುವವರು ಇನ್ನೊಂದು ವಿಷಯವನ್ನು ಗಮನಿಸಬೇಕು: ಇಲಿ, ಅಳಿಲು ತೂತು ಮಾಡಿ ಬೀಜ ತಿಂದ ಕೊಕ್ಕೋ ಕಾಯಿ ಮರದಲ್ಲಿಯೇ ನೇತಾಡುತ್ತಾ ಒಳಗೆ ಮಳೆನೀರು ತುಂಬಿಕೊಂಡಿರುತ್ತದೆ. ಅದನ್ನು ಕೊಯ್ದು, ಬೀಜ ತೆಗೆದ ಸಿಪ್ಪೆಗಳೊಂದಿಗೆ ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು. ರಬ್ಬರಿನಲ್ಲಿ ಮಳೆಗೆ ಟ್ಯಾಪಿಂಗ್ ನಿಲ್ಲಿಸಿದ ಮೇಲೆ ಹಾಲಿನ ಗೆರಟೆಗಳನ್ನು ತಂತಿಯ ಮೇಲೆಯೇ ಮಗುಚಿಡಬೇಕು. ಮರಕ್ಕೊಂದರಂತೆ ಎಣಿಸಿದರೆ ಒಂದು ಎಕರೆಯಲ್ಲಿ ಎಷ್ಟು ಗೆರಟೆಗಳಾಗುತ್ತವೆಂದು ನೀವೇ ಊಹಿಸಿಕೊಳ್ಳಿ.

ಇಷ್ಟೆಲ್ಲ ಮಾಡಿದರೂ ತೋಟದ ಸೊಳ್ಳೆ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಕೆಲಸದವರಿಗೆ ಉದ್ದ ತೋಳಿನ ಅಂಗಿ, ಕಾಲಿಗೆ ಹಚ್ಚುವ ಮುಲಾಮು ಕೊಡುವುದನ್ನು ನಾವು ಕೂಲಿಯ ಜೊತೆಗಿನ ಖರ್ಚೆಂದೇ ಲೆಕ್ಕ ಹಿಡಿದಿದ್ದೇವೆ.

ಕಾಪು ಕಡಲಬದಿ:

ಇಷ್ಟು ಕಷ್ಟ ಯಾರು ಪಡುತ್ತಾರೆ ಮಾರಾಯರೇ? ನಮ್ಮ ಅಜ್ಜಿಯ ಕಾಲದಲ್ಲಿ ಹಟ್ಟಿಯ ಮುಂದೆ ಬೇವಿನ ಸೊಪ್ಪಿನ ಹೊಗೆ, ಮನೆಯೊಳಗೆ ಸಾಂಬ್ರಾಣಿ. ಈಗ ಕಾಯಿಲ್ ಹಚ್ಚುತ್ತೇವೆ. ನೀಲಿ ಬೆಳಕಿನ ಕೀಟದ ಯಂತ್ರವೂ ಇದೆ, ಪಟಪಟ ಸದ್ದು ಬರುತ್ತಲೇ ಇರುತ್ತದೆ. ಫಾಗಿಂಗ್ ಆದ ರಾತ್ರಿಯಾದರೂ ನೆಮ್ಮದಿಯಿಂದ ನಿದ್ದೆ ಬರುತ್ತದೆ ಎಂಬುದನ್ನು ಅಲ್ಲಗಳೆಯುವುದು ಯಾಕೆ?

ನಿವೃತ್ತ ಕೀಟ ಸಂಗ್ರಾಹಕ:

ಒಂದು ರಾತ್ರಿಯ ನಿದ್ದೆಯನ್ನು ನಾನು ಅಲ್ಲಗಳೆಯುವುದಿಲ್ಲ. ಹೊಗೆಗೆ ಸೊಳ್ಳೆ ದೂರ ಸರಿಯುವುದೂ ನಿಜ. ಆದರೆ ಒಂದು ಕಾಯಿಲ್ ಉರಿದು ಮುಗಿಯುವಾಗ ಹೊರಬೀಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಹೊಗೆಯಷ್ಟೆಂದು ಅಳೆದು ಹೇಳಿದ್ದಾರೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಕ್ಕಳನ್ನೂ ದಮ್ಮಿರುವ ಹಿರಿಯರನ್ನೂ ಮಲಗಿಸಿ ಅದನ್ನು ಹಚ್ಚುವುದು ಸರಿಯಲ್ಲ. ಸಾಂಬ್ರಾಣಿಯೂ ಹೊಗೆಯೇ. ನೀಲಿ ಬೆಳಕಿನ ಯಂತ್ರದ ತಟ್ಟೆಯನ್ನು ಒಮ್ಮೆ ಬಿಳಿಯ ಕಾಗದದ ಮೇಲೆ ಕೊಡವಿ ನೋಡಿ: ಪತಂಗ, ಮಳೆಹುಳು, ಜೀರುಂಡೆಗಳೇ ತುಂಬಿರುತ್ತವೆ. ಸೊಳ್ಳೆ ಬರುವುದು ನಮ್ಮ ಉಸಿರಿನ ಇಂಗಾಲದ ಡೈ ಆಕ್ಸೈಡಿಗೆ, ಮೈಯ ಬಿಸಿಗೆ ಮತ್ತು ವಾಸನೆಗೆ, ಬೆಳಕಿಗಲ್ಲ. ಶ್ರವಣಾತೀತ ಸದ್ದಿನಿಂದ ಸೊಳ್ಳೆ ಓಡಿಸುತ್ತೇವೆಂದು ಮಾರುವ ಪೆಟ್ಟಿಗೆಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಿದ್ದೆಗೆ ಸೊಳ್ಳೆ ಪರದೆಗಿಂತ ಒಳ್ಳೆಯದು ಇಂದಿಗೂ ಬಂದಿಲ್ಲ. ಚದರ ಅಂಗುಲಕ್ಕೆ 156 ಕಣ್ಣುಗಳಿರುವ ಪರದೆಯನ್ನು ಹಾಸಿಗೆಯಡಿಗೆ ಸಿಕ್ಕಿಸಿ ಮಲಗಬೇಕು. ಹಗಲು ಮಲಗುವ ಹಸುಗೂಸಿಗೂ ಅದು ಬೇಕು, ಏಕೆಂದರೆ ಡೆಂಗಿಯ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಮೈಗೆ ಹಚ್ಚುವ ಮುಲಾಮುಗಳಲ್ಲಿ ಡೀಟ್ ಅಥವಾ ಪಿಕಾರಿಡಿನ್ ಇರುವವು ಭರವಸೆಗೆ ಯೋಗ್ಯ. ಎರಡು ತಿಂಗಳು ತುಂಬದ ಮಗುವಿಗೆ ಡೀಟ್ ಹಚ್ಚಬಾರದು.

ಕಟ್ಟಡದ ಎಂಜಿನಿಯರ್, ಸುರತ್ಕಲ್:

ಬಿಜೈಯವರು ಓಣಿಯ ಕೊನೆಯ ಕಟ್ಟಡದ ಬಗ್ಗೆ ಒಂದೇ ವಾಕ್ಯ ಬರೆದು ಮುಂದೆ ಹೋದರು. ನನ್ನ ದೃಷ್ಟಿಯಲ್ಲಿ ಇಡೀ ಓಣಿಯಲ್ಲಿ ಮೊದಲು ನೋಡಬೇಕಾದ ಜಾಗ ಅದೇ. ಸ್ಲ್ಯಾಬ್ ಹಾಕಿದ ಮೇಲೆ ಅದರ ಮೇಲೆ ಗಾರೆಯ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಿ ಕ್ಯೂರಿಂಗ್, ಅಂದರೆ ಕಾಂಕ್ರೀಟು ಗಟ್ಟಿಯಾಗುವವರೆಗೆ ಒದ್ದೆಯಾಗಿಡುವ ಕೆಲಸ, ಮಾಡುತ್ತೇವೆ. ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456ರ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಹೆಚ್ಚಾಗಿ ಬಳಸುವ ಹಾರುಬೂದಿ ಬೆರೆಸಿದ ಸಿಮೆಂಟಿಗೆ ಕನಿಷ್ಠ 10 ದಿನ. ಸೊಳ್ಳೆಗೆ ಬೇಕಾದ ಅವಧಿಯನ್ನು ನಾವೇ ಲೆಕ್ಕ ಹಾಕಿ ಒದಗಿಸಿದಂತಾಗುತ್ತದೆ. ಪರಿಹಾರ ಕಷ್ಟವಲ್ಲ. ಐದನೆಯ ದಿನ ಬದು ಒಡೆದು ನೀರನ್ನು ಪೂರ್ತಿ ಗುಡಿಸಿ ಹೊರಹಾಕಿ, ಆ ಕೂಡಲೇ ಹೊಸ ನೀರು ಹಾಯಿಸಿದರೆ ಕಾಂಕ್ರೀಟೂ ಒಣಗುವುದಿಲ್ಲ, ಹುಳುವೂ ಉಳಿಯುವುದಿಲ್ಲ. ಒದ್ದೆ ಗೋಣಿ ಹೊದಿಸುವುದು ಇನ್ನೂ ಒಳ್ಳೆಯದು. ಲಿಫ್ಟಿನ ಗುಂಡಿಯನ್ನು ಮಾತ್ರ ಯಾರೂ ನೆನಪಿಡುವುದಿಲ್ಲ. ಕಟ್ಟಡ ಮುಗಿಯುವವರೆಗೂ ಅದು ನೆರಳಿನ ಕೆರೆ.

2024ರಲ್ಲಿ ಸರಕಾರ ಸಾಂಕ್ರಾಮಿಕ ರೋಗಗಳ ನಿಯಮಕ್ಕೆ ತಿದ್ದುಪಡಿ ತಂದು, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡ ನಿಗದಿ ಮಾಡಿದೆ: ನಗರದ ಮನೆಗಳಿಗೆ 400 ರೂಪಾಯಿ, ಹಳ್ಳಿಯ ಮನೆಗಳಿಗೆ 200, ಕಟ್ಟಡದ ನಿವೇಶನಗಳಿಗೆ ನಗರದಲ್ಲಿ 2000, ಹಳ್ಳಿಯಲ್ಲಿ 1000. ಕೋಟಿಗಟ್ಟಲೆಯ ಕಟ್ಟಡಕ್ಕೆ ಎರಡು ಸಾವಿರ ಏನೂ ಅಲ್ಲ ಎಂಬುದು ಬೇರೆ ಮಾತು. ಆದರೂ ಲಿಖಿತ ದೂರು ಕೊಡಲು ಅದೊಂದು ಆಧಾರ.

ಇನ್ನೊಂದು ವಿಷಯ. ಮಲೇರಿಯಾವನ್ನು ಹೊರರಾಜ್ಯದ ಕೂಲಿಯವರು ತರುತ್ತಾರೆಂದು ಹೇಳಿ ಕೈ ತೊಳೆದುಕೊಳ್ಳುವವರನ್ನು ಕಂಡಿದ್ದೇನೆ. ಪರದೆಯಿಲ್ಲದ ತಗಡಿನ ಶೆಡ್ಡಿನಲ್ಲಿ, ನಿಂತ ನೀರಿನ ಪಕ್ಕದಲ್ಲಿ ಅವರನ್ನು ಮಲಗಿಸಿದವರು ನಾವು. ಶೆಡ್ಡಿಗೆ ಪರದೆ, ಜ್ವರ ಬಂದವನಿಗೆ ಅದೇ ದಿನ ರಕ್ತಪರೀಕ್ಷೆ, ವೈವಾಕ್ಸ್ ಬಗೆಯ ಮಲೇರಿಯಾ ಎಂದಾದರೆ ಜ್ವರ ಬಿಟ್ಟ ಮೇಲೂ 14 ದಿನದ ಪ್ರೈಮಾಕ್ವಿನ್ ಮಾತ್ರೆಯನ್ನು ಪೂರ್ತಿ ನುಂಗಿಸುವುದು, ಇವು ಗುತ್ತಿಗೆದಾರನ ಹೊಣೆ. ಆ ಮಾತ್ರೆಯನ್ನು ಅರ್ಧಕ್ಕೆ ಬಿಟ್ಟರೆ ಯಕೃತ್ತಿನಲ್ಲಿ ಅಡಗಿದ ರೋಗಾಣು ತಿಂಗಳುಗಳ ಬಳಿಕ ಮತ್ತೆ ಏಳುತ್ತದೆ.

ಮಲ್ಪೆ ಓದುಗ:

ಚಿಕ್ಕದೊಂದು ಸೇರ್ಪಡೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟುಗಳೆಲ್ಲ ಬಂದರಿನ ದಕ್ಕೆಯಲ್ಲಿ ಕಟ್ಟಿರುತ್ತವೆ. ಬೋಟಿನ ಬದಿಗೆ ನೇತುಹಾಕಿದ ಟಯರು, ಮೀನು ತುಂಬುವ ಖಾಲಿ ಪೆಟ್ಟಿಗೆ, ತೆರೆದಿಟ್ಟ ಶೇಖರಣೆಯ ಕೋಣೆ ಎಲ್ಲವೂ ಮಳೆನೀರು ಹಿಡಿಯುತ್ತವೆ. ಟಯರಿನ ಕೆಳಭಾಗಕ್ಕೆ ಎರಡು ತೂತು ಕೊರೆದರೆ ಮುಗಿಯಿತು, ಡಿಕ್ಕಿ ತಡೆಯುವ ಕೆಲಸಕ್ಕೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ. ದಕ್ಕೆಯ ಹತ್ತಿರ ಮನೆಯಿರುವವರು ಬೋಟಿನ ಮಾಲಕರಲ್ಲಿ ಇದನ್ನು ಮೇ ತಿಂಗಳಿನಲ್ಲಿಯೇ ಹೇಳಿಡುವುದು ಒಳ್ಳೆಯದು.

ಬಿಜೈ ಓಣಿ:

ಎಲ್ಲರಿಗೂ ಕೃತಜ್ಞತೆಗಳು. ಈ ಚರ್ಚೆಯನ್ನು ಓಣಿಯವರಿಗೆ ಓದಿ ಹೇಳಿದೆ. ಫಾಗಿಂಗ್‌ಗೆಂದು ಕೂಡಿಸಿದ ಹಣವನ್ನು ಬಾವಿಗಳ ಜಾಲರಿಗೆ ಮತ್ತು ಟ್ಯಾಂಕಿನ ಕೊಳವೆಗಳ ಬಲೆಗೆ ಬಳಸುವುದೆಂದೂ, ಪ್ರತಿ ಭಾನುವಾರ ಬೆಳಿಗ್ಗೆ ಮನೆಗೊಬ್ಬರಂತೆ ತಮ್ಮ ತಮ್ಮ ಹಿತ್ತಿಲು, ತಾರಸಿ, ದಂಬೆ ನೋಡುವುದೆಂದೂ ತೀರ್ಮಾನವಾಗಿದೆ. ಇಬ್ಬರು ಒಪ್ಪಲಿಲ್ಲ, ಅವರ ಪಾಲಿನ ಹಣವನ್ನು ಹಿಂದಿರುಗಿಸಿದೆವು. ಬಾವಿಯ ನೀರನ್ನು ಬಿಳಿಯ ತಟ್ಟೆಗೆ ಸುರಿದಾಗ ಮೇಲ್ಮೈಯಲ್ಲಿ ಮಲಗಿದಂತಿದ್ದ ಹುಳುಗಳು ಕಂಡವು. ತಾವು ಹೇಳಿದ ಅನಾಫಿಲಿಸ್ ಇರಬೇಕು. ನಗರ ಆರೋಗ್ಯ ಕೇಂದ್ರಕ್ಕೆ ತಿಳಿಸಿದ್ದೇನೆ.

ಉಳಿದ ಸಂಶಯಗಳು ಮೂರು. ಎರಡು ಮನೆಗಳವರು ಒಪ್ಪದಿದ್ದರೆ ನಮ್ಮ ಪ್ರಯತ್ನ ವ್ಯರ್ಥವಾಗುವುದೆ? ಶೌಚದ ಗುಂಡಿಗೆ ಏನು ಮಾಡಬೇಕು? ಬೀಗ ಹಾಕಿದ ಮನೆಗಳ ಕೀಲಿ ಸಂಬಂಧಿಕರ ಬಳಿಯಿದ್ದು, ಒಂದು ದಿನದ ಮಟ್ಟಿಗೆ ಕೊಡಲು ಒಪ್ಪಿದ್ದಾರೆ. ಅಲ್ಲಿ ಏನು ನೋಡಬೇಕು?

ನಿವೃತ್ತ ಕೀಟ ಸಂಗ್ರಾಹಕ:

ವ್ಯರ್ಥವಾಗುವುದಿಲ್ಲ. ಈಡಿಸ್ ಬಹಳ ದೂರ ಹಾರುವ ಸೊಳ್ಳೆಯಲ್ಲ, ಸಾಮಾನ್ಯವಾಗಿ ಹುಟ್ಟಿದ ಜಾಗದ ನೂರಿನ್ನೂರು ಮೀಟರಿನೊಳಗೇ ಇರುತ್ತದೆ. ಆದ್ದರಿಂದ ಉಳಿದ ಹತ್ತು ಮನೆಗಳು ಕೆಲಸ ಮಾಡಿದರೆ ಆ ಹತ್ತಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ. ಕ್ಯೂಲೆಕ್ಸ್ ಮಾತ್ರ ಕಿಲೋಮೀಟರುಗಟ್ಟಲೆ ಹಾರಬಲ್ಲದು, ರಾತ್ರಿಯ ಸಂಗೀತ ಪೂರ್ತಿ ನಿಲ್ಲುವುದೆಂದು ನಿರೀಕ್ಷಿಸಬೇಡಿ.

ಶೌಚದ ಗುಂಡಿಯಿಂದ ಮೇಲೆದ್ದ ಗಾಳಿ ಕೊಳವೆಯ ಬಾಯಿಗೆ ನೈಲಾನ್ ಜಾಲರಿ ಕಟ್ಟಿ, ಮುಚ್ಚಳದ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ. ಸಂಜೆಯ ದೊಡ್ಡ ಸೊಳ್ಳೆ ಬಹಳಷ್ಟು ಅಲ್ಲಿಗೇ ನಿಲ್ಲುತ್ತದೆ. ಅದರೊಳಗೆ ಸೀಮೆಎಣ್ಣೆ, ಫಿನಾಯಿಲ್ ಸುರಿಯುವ ಅಗತ್ಯವಿಲ್ಲ. ಬಾವಿಯಲ್ಲಿ ಹುಳು ಕಂಡಿರುವುದರಿಂದ ಕೇಂದ್ರದವರು ಬಿಟಿಐ ಎಂಬ ಸೂಕ್ಷ್ಮಾಣು ಪುಡಿ ಅಥವಾ ಟೆಮಿಫಾಸ್ ಎಂಬ ಹುಳು ಕೊಲ್ಲುವ ರಾಸಾಯನಿಕ ಹಾಕಬಹುದು. ಅಳತೆಯನ್ನು ಅವರಿಗೇ ಬಿಡಿ. ಹುಳು ಬಿಟಿಐಯನ್ನು ತಿಂದು ಸಾಯಬೇಕು, ಕೋಶ ಏನನ್ನೂ ತಿನ್ನುವುದಿಲ್ಲ. ಹಾಕಿದ ಎರಡು ದಿನ ಸೊಳ್ಳೆ ಎದ್ದರೆ ಔಷಧ ಕೆಟ್ಟದ್ದೆಂದು ಭಾವಿಸಬೇಡಿ.

ಬೀಗದ ಮನೆಯಲ್ಲಿ ಮೊದಲು ತಾರಸಿಗೆ ಹೋಗಿ. ಟ್ಯಾಂಕಿನ ಮುಚ್ಚಳ ಗಾಳಿಗೆ ಹಾರಿರುತ್ತದೆ, ತುಂಬಿ ಹರಿಯುವ ಕೊಳವೆಗೆ ಬಲೆಯಿರುವುದಿಲ್ಲ. ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ನಳ್ಳಿಯನ್ನು ತೆರೆದೇ ಬಿಡಿ. ಬಳಿಕ ಬಚ್ಚಲು: ಕಮೋಡಿನಲ್ಲಿ ಮತ್ತು ಅದರ ಫ್ಲಶ್ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತ ನೀರಿನಲ್ಲಿ ಈಡಿಸ್ ಹುಳುಗಳನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಫ್ಲಶ್ ಟ್ಯಾಂಕಿನ ನೀರು ತೆಗೆದು ಅದರ ಕವಾಟ ಮುಚ್ಚಿ, ಕಮೋಡಿನ ಮೇಲೆ ಪ್ಲಾಸ್ಟಿಕ್ ಹಾಳೆ ಹರಡಿ ಸುತ್ತಲೂ ಟೇಪ್ ಅಂಟಿಸಿ, ನೆಲದ ಜಾಲರಿಗಳನ್ನೂ ಹಾಗೆಯೇ ಮುಚ್ಚಿ ಬನ್ನಿ. ಫ್ರಿಜ್ಜು ಆರಿಸಿದ್ದರೂ ಹಿಂಬದಿಯ ತಟ್ಟೆಯನ್ನು ಎಳೆದು ನೋಡಲು ಮರೆಯಬೇಡಿ.